ಸೈಕಲ್ಲು, ಗಾಳಿ ಮತ್ತು ಎರಡು ಕಡಲುಗಳ ಕಾಲುವೆ

ಹೊರಡುವ ಹಿಂದಿನ ರಾತ್ರಿ ನಾವು ಒಂದು ಚಿಕ್ಕ ಲೆಕ್ಕವನ್ನು ಮಾಡಿದೆವು. ದೂರ 65 ಕಿಲೋಮೀಟರು; ಸೈಕಲ್ಲಿನ ವೇಗ ಗಂಟೆಗೆ 18 ಕಿಲೋಮೀಟರು; ಆದುದರಿಂದ ತುಳಿಯುವ ಕಾಲ ಮೂರೂವರೆ ಗಂಟೆಗಿಂತ ತುಸು ಹೆಚ್ಚು. ದಾರಿಯಲ್ಲಿ ಏರು ಇದೆಯೆಂದು ಅರ್ಧ ಗಂಟೆಯನ್ನೂ, ನೋಡುವುದಕ್ಕೆ ಮತ್ತು ಉಣ್ಣುವುದಕ್ಕೆ ಎರಡೂವರೆ ಗಂಟೆಯನ್ನೂ ಕೂಡಿಸಿದೆವು. ಬೆಳಗ್ಗೆ ಎಂಟಕ್ಕೆ ಹೊರಟರೆ ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಊರು ಸೇರಬೇಕು. ನಾವು ಸೇರಿದ್ದು ಐದು ಗಂಟೆ ದಾಟಿದ ಮೇಲೆ. ನಮ್ಮಿಬ್ಬರಲ್ಲಿ ಒಬ್ಬರು ಭೌತವಿಜ್ಞಾನದ ಅಧ್ಯಾಪಕರು, ಇನ್ನೊಬ್ಬರು ಗಣಿತದ ಅಧ್ಯಾಪಕರು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿರಲಿಲ್ಲ. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬಹುದು ಎಂಬ ಆಯ್ಕೆಯಲ್ಲಿ ತಪ್ಪಿತ್ತು. ಆ ತಪ್ಪು ಎಲ್ಲಿ ಹುಟ್ಟಿತೆಂಬುದನ್ನು ಹೇಳುತ್ತಲೇ, ಆ ದಾರಿಯುದ್ದಕ್ಕೂ ನಮ್ಮ ಪಕ್ಕದಲ್ಲಿದ್ದ ಒಂದು ಹಳೆಯ ಕಾಲುವೆಯ ವಿಷಯವನ್ನೂ ಓದುಗರ ಮುಂದಿಡುತ್ತೇವೆ.

ಓದುಗರು ಯೂರೋಪಿನ ಭೂಪಟವೊಂದನ್ನು ಎದುರಿಗಿಟ್ಟುಕೊಂಡರೆ ಒಳ್ಳೆಯದು. ಫ್ರಾನ್ಸ್ ದೇಶದ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ, ದಕ್ಷಿಣಕ್ಕೆ ಮೆಡಿಟರೇನಿಯನ್ ಸಮುದ್ರ. ಒಂದರಿಂದ ಇನ್ನೊಂದಕ್ಕೆ ಹಡಗಿನಲ್ಲಿ ಹೋಗಬೇಕಾದರೆ ಇಡೀ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳನ್ನು ಬಳಸಿ, ಜಿಬ್ರಾಲ್ಟರ್ ಜಲಸಂಧಿಯನ್ನು ದಾಟಬೇಕು. ಹಾಯಿಹಡಗುಗಳ ಕಾಲದಲ್ಲಿ ಇದು ಬಹು ದೀರ್ಘವಾದ ಪ್ರಯಾಣ. ಬಿರುಗಾಳಿಯ ಭಯ, ಕಡಲುಗಳ್ಳರ ಭಯ ಬೇರೆ. ಆದರೆ ಗರೋನ್ ನದಿಯಲ್ಲಿ ಅಟ್ಲಾಂಟಿಕ್ ಕಡೆಯಿಂದ ತುಲೂಸ್ ನಗರದವರೆಗೆ ದೋಣಿಗಳು ಬರಬಲ್ಲವು. ಅಲ್ಲಿಂದ ಮೆಡಿಟರೇನಿಯನ್ ತೀರದವರೆಗೆ ಒಂದು ಕಾಲುವೆಯನ್ನು ತೋಡಿದರೆ ಎರಡು ಕಡಲುಗಳು ಕೂಡಿದಂತೆಯೇ. 1666ರಲ್ಲಿ ಹದಿನಾಲ್ಕನೆಯ ಲೂಯಿ ದೊರೆ ಇದಕ್ಕೆ ಅಪ್ಪಣೆ ಕೊಟ್ಟನು. 1681ರಲ್ಲಿ ಕಾಲುವೆ ತೆರೆಯಿತು. ಉದ್ದ ಸುಮಾರು 240 ಕಿಲೋಮೀಟರು. ಅದನ್ನು ಇಂದು ಕನಾಲ್ ದ್ಯು ಮಿದಿ ಎನ್ನುತ್ತಾರೆ. ಹಾಗೆಂದರೆ ದಕ್ಷಿಣದ ಕಾಲುವೆ. 1996ರಲ್ಲಿ ಯುನೆಸ್ಕೋ ಸಂಸ್ಥೆ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಅಧ್ಯಯನದ ನಿಮಿತ್ತ ಕೆಲವು ವಾರ ತುಲೂಸ್ ನಗರದಲ್ಲಿ ಉಳಿಯುವ ಅವಕಾಶ ನಮಗೆ ಒದಗಿತ್ತು. ಒಂದು ಭಾನುವಾರ ಎರಡು ಸೈಕಲ್ಲುಗಳನ್ನು ಬಾಡಿಗೆಗೆ ಹಿಡಿದು, ಕಾಲುವೆಯ ದಂಡೆಯ ಮೇಲೆಯೇ ಕಾಸ್ತೆಲ್ನೊದರಿ ಎಂಬ ಊರಿಗೆ ಹೋಗಿ ರೈಲಿನಲ್ಲಿ ಹಿಂದಿರುಗುವುದೆಂದು ನಿಶ್ಚಯಿಸಿದೆವು. ನಿತ್ಯವೂ ಸೈಕಲ್ಲು ತುಳಿಯುವವರಿಗೆ 65 ಕಿಲೋಮೀಟರು ದೊಡ್ಡ ದೂರವೇನಲ್ಲ. ಸೀಮೆಸುಣ್ಣವನ್ನು ಹಿಡಿದು ನಿಲ್ಲುವುದೇ ವ್ಯಾಯಾಮವಾಗಿರುವವರಿಗೆ ಅದು ದೂರವೇ ಸರಿ.

ದಂಡೆಯ ದಾರಿ ಒಂದು ಕಾಲದಲ್ಲಿ ದೋಣಿಗಳನ್ನೆಳೆಯುವ ಕುದುರೆಗಳು ನಡೆಯುತ್ತಿದ್ದ ದಾರಿ. ಈಗ ತುಲೂಸ್‌ನಿಂದ ಬಹುದೂರದವರೆಗೆ ಅದಕ್ಕೆ ಟಾರು ಹಾಕಿದ್ದಾರೆ. ಹೊರಟ ಬೆಳಗ್ಗೆ ಗಾಳಿ ಅಷ್ಟಾಗಿ ಇರಲಿಲ್ಲ. ನೀರು ಕನ್ನಡಿಯಂತೆ ನಿಂತಿತ್ತು. ಎರಡು ದಂಡೆಗಳಲ್ಲಿಯೂ ಎತ್ತರವಾದ ಪ್ಲೇನ್ ಮರಗಳು. ಅವುಗಳ ನೆರಳಿನಲ್ಲಿ ಗಂಟೆಗೆ 18 ಕಿಲೋಮೀಟರಿನಂತೆ ಮೊದಲ 25 ಕಿಲೋಮೀಟರನ್ನು ಮಾತನಾಡುತ್ತಲೇ ಕಳೆದೆವು. ಲೆಕ್ಕ ಸರಿಯಾಗುತ್ತಿದೆಯೆಂದು ನಮ್ಮ ಮಿತ್ರರು ಗಡಿಯಾರವನ್ನು ನೋಡಿಕೊಂಡು ಹೇಳಿದರು.

ಕಾಲುವೆಯ ದಾರಿ ಏರುವ ಬಗೆಯೇ ಬೇರೆ. ಸಾಮಾನ್ಯ ರಸ್ತೆ ಸ್ವಲ್ಪಸ್ವಲ್ಪವಾಗಿ ಏರುತ್ತದೆ, ಇಳಿಯುತ್ತದೆ. ಕಾಲುವೆಯ ನೀರು ಹಾಗೆ ಓರೆಯಾಗಿ ನಿಲ್ಲಲಾರದು, ಮಟ್ಟವಾಗಿಯೇ ನಿಲ್ಲಬೇಕು. ಆದುದರಿಂದ ದಂಡೆಯೂ ಕೆಲವು ಕಿಲೋಮೀಟರುಗಳವರೆಗೆ ಮಟ್ಟವಾಗಿ ಸಾಗುತ್ತದೆ. ಆಮೇಲೆ ಒಂದೆಡೆ ಫಕ್ಕನೆ ಎರಡು ಮೂರು ಮೀಟರು ಏರಿ, ಮತ್ತೆ ಮಟ್ಟವಾಗುತ್ತದೆ. ಮಹಡಿಯ ಮೆಟ್ಟಿಲುಗಳನ್ನು ಬಹಳ ದೂರದೂರಕ್ಕೆ ಎಳೆದಿಟ್ಟಂತೆ ಎಂದು ಊಹಿಸಿಕೊಳ್ಳಿ. ಆ ಏರು ಇರುವಲ್ಲೆಲ್ಲ ಕಾಲುವೆಯಲ್ಲಿ ಒಂದು ‘ಲಾಕ್’ ಇರುತ್ತದೆ. ಲಾಕ್ ಎಂಬ ಹೆಸರನ್ನೇ ಈ ಲೇಖನದಲ್ಲಿ ಇಟ್ಟುಕೊಂಡಿದ್ದೇವೆ. ಬೀಗಕ್ಕೂ ಅದಕ್ಕೂ ಸಂಬಂಧ ಕಲ್ಪಿಸಬೇಡಿ. ಅದು ಎರಡು ಕಡೆಗೂ ಬಾಗಿಲುಗಳಿರುವ ಕಲ್ಲಿನ ಕೊಳ, ಅಷ್ಟೆ.

ಕೆಳಗಿನಿಂದ ಬರುವ ದೋಣಿ ಆ ಕೊಳವನ್ನು ಪ್ರವೇಶಿಸುತ್ತದೆ. ಅದರ ಹಿಂದಿನ ಬಾಗಿಲನ್ನು ಮುಚ್ಚುತ್ತಾರೆ. ಮೇಲಿನ ಬಾಗಿಲಿನಲ್ಲಿರುವ ತೂಬನ್ನು ತೆರೆದರೆ ಮೇಲಿನ ಕಾಲುವೆಯ ನೀರು ಕೊಳಕ್ಕೆ ನುಗ್ಗುತ್ತದೆ. ನೀರೇರಿದಂತೆ ದೋಣಿಯೂ ಏರುತ್ತದೆ. ಎರಡು ಕಡೆಯ ಮಟ್ಟ ಒಂದಾದಾಗ ಮೇಲಿನ ಬಾಗಿಲನ್ನು ತೆರೆಯುತ್ತಾರೆ, ದೋಣಿ ಹೊರಟುಹೋಗುತ್ತದೆ. ಇಷ್ಟನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಎದುರಿಗೆ ನಿಂತು ನೋಡುವಾಗ ಕೆಲವು ಸಂಗತಿಗಳು ಮನಸ್ಸನ್ನು ಹಿಡಿದು ನಿಲ್ಲಿಸುತ್ತವೆ.

ಮೊದಲನೆಯದು ಬಾಗಿಲು. ಎರಡು ಕದಗಳು ಸಂಧಿಸುವಲ್ಲಿ ನೇರವಾಗಿ ನಿಲ್ಲದೆ, ಮೇಲಿನ ನೀರಿನತ್ತ ಮೂತಿಮಾಡಿ ಕೋನವಾಗಿ ನಿಂತಿರುತ್ತವೆ. ಏಕೆ? ಮೇಲಿನ ನೀರು ಅವುಗಳನ್ನು ಒತ್ತಿದಷ್ಟೂ ಒಂದಕ್ಕೊಂದು ಬಿಗಿಯಾಗುತ್ತವೆ, ಅಗುಳಿ ಬೇಕಿಲ್ಲ. ಆ ಒತ್ತಡ ಎಷ್ಟೆಂದು ಲೆಕ್ಕ ಮಾಡೋಣ. ಬಾಗಿಲ ಅಗಲ 6 ಮೀಟರು, ಮೇಲಿನ ಕಡೆ ನೀರಿನ ಆಳ 4.5 ಮೀಟರು, ಕೆಳಗಿನ ಕಡೆ 2 ಮೀಟರು ಎಂದಿಟ್ಟುಕೊಳ್ಳಿ. ನೀರಿನ ಒತ್ತಡ ಆಳದೊಡನೆ ಹೆಚ್ಚುವುದರಿಂದ ಒಟ್ಟು ಬಲ ಆಳದ ವರ್ಗಕ್ಕೆ ಅನುಗುಣವಾಗಿರುತ್ತದೆ. ಎರಡು ಕಡೆಯ ಬಲಗಳನ್ನು ಕಳೆದರೆ ಉಳಿಯುವುದು ಸುಮಾರು 4,80,000 ನ್ಯೂಟನ್. ಎಂದರೆ 48 ಟನ್ ಭಾರ ಒರಗಿದಂತೆ. ಮಟ್ಟಗಳು ಸಮವಾಗುವ ಮುನ್ನ ಯಾವ ಜಟ್ಟಿಯೂ ಆ ಬಾಗಿಲನ್ನು ತೆರೆಯಲಾರ. ಸಮವಾದ ಕ್ಷಣದಲ್ಲಿ ಆ ಬಲ ಸೊನ್ನೆಯಾಗುತ್ತದೆ. ಯಂತ್ರಗಳಿಲ್ಲದ ಕಾಲದಲ್ಲಿ ಒಬ್ಬ ಕಾವಲುಗಾರನೇ ಕೈಯಿಂದ ಕದವನ್ನು ನೂಕಿ ತೆರೆಯುತ್ತಿದ್ದನು.

ಎರಡನೆಯದು ಕೊಳದ ಆಕಾರ. ಈ ಕಾಲುವೆಯ ಲಾಕುಗಳು ಚೌಕವಲ್ಲ; ನಡುವೆ ಉಬ್ಬಿದ ಮೊಟ್ಟೆಯಾಕಾರ. ಮೊದಮೊದಲು ನೇರ ಗೋಡೆಗಳನ್ನೇ ಕಟ್ಟಿದ್ದರು. ಕೊಳ ಬರಿದಾದಾಗ ಹಿಂದಿನ ಒದ್ದೆ ಮಣ್ಣು ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಹಾಗೆ ಒಂದು ಲಾಕು ಕುಸಿದುಬಿತ್ತು. ಆಮೇಲೆ ಗೋಡೆಗಳನ್ನು ಹೊರಕ್ಕೆ ಬಾಗಿಸಿದರು. ಸೇತುವೆಯ ಕಮಾನು ಮೇಲಿನ ಭಾರವನ್ನು ಎರಡು ಬದಿಗೆ ಸಾಗಿಸುವಂತೆ, ಮಲಗಿಸಿದ ಈ ಕಮಾನು ಮಣ್ಣಿನ ಒತ್ತಡವನ್ನು ಎರಡು ತುದಿಗಳಿಗೆ ಸಾಗಿಸುತ್ತದೆ. ಮೂರು ಶತಮಾನಗಳು ಕಳೆದರೂ ಗೋಡೆಗಳು ನಿಂತಿವೆ.

ಮೂರನೆಯದು ನೀರಿನ ಖರ್ಚು. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು; ಈ ಕಾಲುವೆಯ ಪ್ರಾಣವೇ ಇಲ್ಲಿದೆ. ಕೊಳದ ಉದ್ದ 30 ಮೀಟರು, ಸರಾಸರಿ ಅಗಲ 8 ಮೀಟರು, ಏರಿಸಬೇಕಾದ ಎತ್ತರ 2.5 ಮೀಟರು ಎಂದು ಭಾವಿಸಿದರೆ, ಒಂದು ಸಲ ತುಂಬುವುದಕ್ಕೆ 600 ಘನಮೀಟರು ನೀರು ಬೇಕು. ಆರು ಲಕ್ಷ ಲೀಟರು! ದೋಣಿ ಚಿಕ್ಕದಿರಲಿ ದೊಡ್ಡದಿರಲಿ, ತುಂಬುವ ನೀರು ಇಷ್ಟೇ. ಭಾರವಾದ ದೋಣಿಯನ್ನು ಎತ್ತುವುದಕ್ಕೆ ಹೆಚ್ಚು ನೀರು ಬೇಡವೆ? ತರಗತಿಯಲ್ಲಿ ಕೇಳಿದರೆ ಬಹುಮಂದಿ ಬೇಕೆನ್ನುತ್ತಾರೆ. ತೇಲುವ ವಸ್ತು ತನ್ನ ತೂಕದಷ್ಟು ನೀರನ್ನು ಮೊದಲೇ ಪಕ್ಕಕ್ಕೆ ಸರಿಸಿದೆ. ಮಟ್ಟವನ್ನು ಏರಿಸುವಾಗ ಅದೂ ಜೊತೆಗೆ ಏರುತ್ತದೆ. ತುಂಬುವ ನೀರು ಕೊಳದ ವಿಸ್ತೀರ್ಣ ಮತ್ತು ಎತ್ತರಗಳನ್ನು ಮಾತ್ರ ಕೇಳುತ್ತದೆ. ವ್ಯತ್ಯಾಸ ಕಾಣುವುದು ಆಮೇಲೆ. ದೋಣಿ ಮೇಲಿನ ಕಾಲುವೆಗೆ ಹೊರಟಾಗ ಅದು ಬಿಟ್ಟ ಜಾಗವನ್ನು ತುಂಬಲು ಮೇಲಿನ ನೀರು ಹಿಂದಕ್ಕೆ ಬರುತ್ತದೆ. 100 ಟನ್ನಿನ ದೋಣಿ ಏರಿದರೆ 600ರ ಮೇಲೆ ಇನ್ನೂ 100 ಘನಮೀಟರು ಖರ್ಚು. ಅದೇ ದೋಣಿ ಇಳಿದರೆ 100 ಘನಮೀಟರು ಉಳಿತಾಯ. ಆರ್ಕಿಮಿಡೀಸನ ಸೂತ್ರವನ್ನು ಬಾಯಿಪಾಠ ಮಾಡಿದವರು ಈ ಉಳಿತಾಯವನ್ನು ತಾವೇ ಕಾಗದದ ಮೇಲೆ ಸಾಧಿಸಿ ನೋಡಲಿ.

ಹೀಗೆ 100 ಟನ್ ಭಾರವನ್ನು 2.5 ಮೀಟರು ಎತ್ತುವ ಕೆಲಸ ಸುಮಾರು 24.5 ಲಕ್ಷ ಜೂಲ್. 75 ವಾಟ್ ಸಾಮರ್ಥ್ಯದಿಂದ ದುಡಿಯುವ ಮನುಷ್ಯನಿಗೆ ಇದು ಒಂಬತ್ತು ಗಂಟೆಗಳ ದುಡಿಮೆ. ಲಾಕಿನಲ್ಲಿ ಅದು ಕೆಲವು ನಿಮಿಷಗಳಲ್ಲಿ ಮುಗಿಯಿತು. ದುಡಿದದ್ದು ಮೇಲಿನಿಂದ ಇಳಿದ ನೀರು. ಹಾಗಾದರೆ ಆ ನೀರನ್ನು ಮೇಲಕ್ಕೆ ಒಯ್ದವರು ಯಾರು? ಈ ಪ್ರಶ್ನೆಗೆ ಉತ್ತರ ನೊರೂಜ್ ಎಂಬಲ್ಲಿದೆ. ಅಲ್ಲಿಗೆ ಹೋಗಿ ಸೇರುವುದೇ ಆ ದಿನ ನಮಗೆ ಕಷ್ಟವಾಯಿತು.

ತುಲೂಸ್‌ನಿಂದ 25 ಕಿಲೋಮೀಟರು ದಾಟಿದ ಮೇಲೆ ಗಾಳಿ ಎದ್ದಿತು. ಆಗ್ನೇಯದಿಂದ ಬೀಸುವ ಈ ಒಣಗಾಳಿಗೆ ಆ ಸೀಮೆಯವರು ‘ಒತಾಂ’ ಎನ್ನುತ್ತಾರೆ. ಅದು ದಿನಗಟ್ಟಲೆ ಬೀಸಿದರೆ ಮನುಷ್ಯರಿಗೂ ದನಗಳಿಗೂ ತಲೆ ಕೆಡುತ್ತದೆಂದು ಅವರ ನಂಬಿಕೆ. ನಾವು ಹೋಗುತ್ತಿದ್ದುದೂ ಆಗ್ನೇಯಕ್ಕೇ. ಒಂದು ಹಾರೆ ಎದೆಗೆ ಒತ್ತಿ ನಿಲ್ಲಿಸಿದಂತಾಯಿತು. ಮಾತು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ನಮ್ಮ ವೇಗ ಗಂಟೆಗೆ 11 ಕಿಲೋಮೀಟರಿಗಿಂತ ಕೆಳಗಿಳಿಯಿತು; ಬೆವರು ಮಾತ್ರ ಇಮ್ಮಡಿಯಾಯಿತು.

ನಮ್ಮ ಲೆಕ್ಕದ ತಪ್ಪನ್ನು ಈಗ ನೋಡೋಣ. ಸೈಕಲ್ಲು ಸವಾರನನ್ನು ತಡೆಯುವ ಬಲಗಳು ಮುಖ್ಯವಾಗಿ ಮೂರು: ಚಕ್ರಗಳು ಉರುಳುವಾಗಿನ ತಡೆ, ಗಾಳಿಯ ತಡೆ, ಏರಿನಲ್ಲಿ ಗುರುತ್ವ. ಸವಾರನೂ ಸೈಕಲ್ಲೂ ಸೇರಿ 85 ಕಿಲೋಗ್ರಾಂ ಎನ್ನಿ. ಒಳ್ಳೆಯ ದಾರಿಯಲ್ಲಿ ಉರುಳುವ ತಡೆ ಸುಮಾರು 5 ನ್ಯೂಟನ್. ವೇಗ ಹೆಚ್ಚಿದರೂ ಇದು ಅಷ್ಟಾಗಿ ಬದಲಾಗುವುದಿಲ್ಲ. ನೆಟ್ಟಗೆ ಕುಳಿತ ಸವಾರನಿಗೆ ಗಾಳಿಯ ತಡೆ, ಸೆಕೆಂಡಿಗೆ ಮೀಟರುಗಳಲ್ಲಿ ಹೇಳಿದ ವೇಗದ ವರ್ಗವನ್ನು 0.3ರಿಂದ ಗುಣಿಸಿದಷ್ಟು ನ್ಯೂಟನ್ ಎಂದು ಸ್ಥೂಲವಾಗಿ ಹೇಳಬಹುದು. ಗಂಟೆಗೆ 18 ಕಿಲೋಮೀಟರೆಂದರೆ ಸೆಕೆಂಡಿಗೆ 5 ಮೀಟರು. ಗಾಳಿಯ ತಡೆ 7.5 ನ್ಯೂಟನ್, ಒಟ್ಟು 12.5. ಇದನ್ನು ವೇಗದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ಸುಮಾರು 62 ವಾಟ್. ಅಧ್ಯಾಪಕರ ಕಾಲುಗಳಿಗೂ ಇದು ಸಾಧ್ಯ.

ಇನ್ನು ಏರು. ತುಲೂಸ್‌ನಲ್ಲಿ ಕಾಲುವೆ ಆರಂಭವಾಗುವ ಸ್ಥಳ ಸಮುದ್ರಮಟ್ಟದಿಂದ ಸುಮಾರು 132 ಮೀಟರು. ನೊರೂಜ್ ಬಳಿಯ ನೆತ್ತಿ 189 ಮೀಟರು. ಏರಬೇಕಾದದ್ದು 57 ಮೀಟರು. 85 ಕಿಲೋಗ್ರಾಂ ಭಾರವನ್ನು ಅಷ್ಟೆತ್ತರಕ್ಕೆ ಒಯ್ಯುವ ಕೆಲಸ 47 ಸಾವಿರ ಜೂಲ್. ಗಾಳಿಯಿಲ್ಲದ ದಿನ ಅದೇ 52 ಕಿಲೋಮೀಟರು ದಾರಿಯಲ್ಲಿ ಮಿಕ್ಕೆರಡು ತಡೆಗಳ ವಿರುದ್ಧ ಮಾಡುವ ಕೆಲಸವಾದರೋ 6 ಲಕ್ಷ 50 ಸಾವಿರ ಜೂಲ್. ಏರಿನ ಪಾಲು ಹದಿನಾಲ್ಕರಲ್ಲಿ ಒಂದಕ್ಕೂ ಕಡಿಮೆ! ನಾವು ಹೆದರಿ ಅರ್ಧ ಗಂಟೆ ಕೂಡಿಸಿದ್ದು ಈ ಏರಿಗೆ. ಗಾಳಿಗೆಂದು ಒಂದು ನಿಮಿಷವನ್ನೂ ಕೂಡಿಸಿರಲಿಲ್ಲ.

ಎದುರುಗಾಳಿ ಸೆಕೆಂಡಿಗೆ 7 ಮೀಟರು ಬೀಸುತ್ತಿದೆಯೆಂದುಕೊಳ್ಳಿ. ಸವಾರ 5 ಮೀಟರಿನ ವೇಗದಿಂದಲೇ ಹೋಗಬೇಕೆಂದು ಹಟಹಿಡಿದರೆ, ಅವನ ಎದೆಗೆ ಬಡಿಯುವ ಗಾಳಿಯ ವೇಗ 12 ಮೀಟರು. ಹನ್ನೆರಡರ ವರ್ಗ 144. ತಡೆ 43 ನ್ಯೂಟನ್. ಉರುಳುವ ತಡೆಯನ್ನೂ ಸೇರಿಸಿ, 5ರಿಂದ ಗುಣಿಸಿದರೆ 240 ವಾಟ್. ಇದು ಪಂದ್ಯದ ಸವಾರರ ಮಾತು, ನಮ್ಮದಲ್ಲ. ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಲವನ್ನು ಕಂಡುಹಿಡಿಯುವಾಗ ಗಾಳಿಗೂ ಸವಾರನಿಗೂ ಇರುವ ಸಾಪೇಕ್ಷ ವೇಗವನ್ನು ತೆಗೆದುಕೊಳ್ಳಬೇಕು; ಸಾಮರ್ಥ್ಯವನ್ನು ಕಂಡುಹಿಡಿಯುವಾಗ ನೆಲದ ಮೇಲಿನ ವೇಗವನ್ನು ತೆಗೆದುಕೊಳ್ಳಬೇಕು. ಪರೀಕ್ಷೆಯ ಉತ್ತರಗಳಲ್ಲಿ ಈ ಎರಡನ್ನೂ ಕಲಸಿಬಿಡುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಸವಾರ ಹಟವನ್ನು ಬಿಟ್ಟು ಸೆಕೆಂಡಿಗೆ 3 ಮೀಟರಿಗೆ ಇಳಿದರೆ ಸಾಪೇಕ್ಷ ವೇಗ 10. ಗಾಳಿಯ ತಡೆ 30, ಒಟ್ಟು 35 ನ್ಯೂಟನ್. ಸಾಮರ್ಥ್ಯ 105 ವಾಟ್. ಬೆಳಗಿನದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ದುಡಿದು, ಗಂಟೆಗೆ 10.8 ಕಿಲೋಮೀಟರು! ಗಾಳಿಯನ್ನಳೆಯುವ ಉಪಕರಣ ನಮ್ಮಲ್ಲಿರಲಿಲ್ಲ. ನಮ್ಮ ನಡೆಯಿಂದಲೇ ಹಿಂದಕ್ಕೆ ಲೆಕ್ಕಹಾಕಿ ಗಾಳಿಯ ವೇಗ 7 ಮೀಟರೆಂದು ಅಂದಾಜು ಮಾಡಿದೆವು. ಸವಾರನೇ ಉಪಕರಣವಾದಂತಾಯಿತು, ಅಷ್ಟು ಸುಖದ ಉಪಕರಣವಲ್ಲ.

ಒಬ್ಬರ ಹಿಂದೆ ಒಬ್ಬರು ಹತ್ತಿರವಾಗಿ ಹೋಗುವ ಉಪಾಯವನ್ನು ಆಗ ಕೈಗೊಂಡೆವು. ಮುಂದಿನವನು ಸೀಳಿದ ಗಾಳಿ ಅವನ ಬೆನ್ನ ಹಿಂದೆ ಸುಳಿಸುಳಿಯಾಗಿ ಅವನೊಡನೆಯೇ ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಬರುತ್ತದೆ. ಹಿಂದಿನವನಿಗೆ ತಡೆ ಕಾಲುಭಾಗದಷ್ಟಾದರೂ ಇಳಿಯುತ್ತದೆ. ಐದೈದು ನಿಮಿಷಕ್ಕೆ ಸ್ಥಾನ ಬದಲಾಯಿಸುತ್ತಿದ್ದೆವು. ನಮ್ಮ ಮಿತ್ರರ ಐದು ನಿಮಿಷಗಳು ನಮ್ಮ ಐದು ನಿಮಿಷಗಳಿಗಿಂತ ಗಿಡ್ಡವಾಗಿದ್ದುವೆಂದು ನಮಗೆ ಇಂದಿಗೂ ಅನುಮಾನವಿದೆ.

ಈ ನಡುವೆ ಅವರ ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆಯಾಗಿರುವುದು ತಿಳಿಯಿತು. ಬಾಡಿಗೆಯ ಅಂಗಡಿಯವರು ಕೊಟ್ಟ ಪಂಪು ಆ ಟ್ಯೂಬಿನ ಮೂತಿಗೆ ಹೊಂದುತ್ತಿರಲಿಲ್ಲ. ಎದೆಗೆ ಬಡಿಯುವ ಗಾಳಿ ಬೇಕಾದಷ್ಟು. ಚಕ್ರಕ್ಕೆ ಬೇಕಾದ ಗಾಳಿ ಇಲ್ಲ. ಗಾಳಿ ಸಾಲದ ಟೈರು ನೆಲವನ್ನು ಮುಟ್ಟುವಲ್ಲಿ ಹೆಚ್ಚು ಚಪ್ಪಟೆಯಾಗುತ್ತದೆ. ಪ್ರತಿ ಸುತ್ತಿನಲ್ಲಿಯೂ ರಬ್ಬರು ಬಾಗಿ ಮತ್ತೆ ನೆಟ್ಟಗಾಗುವಾಗ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ದಾರಿಹೋಕ ಸವಾರರೊಬ್ಬರು ತಮ್ಮ ಪಂಪನ್ನು ಕೊಟ್ಟು ಉಪಕಾರ ಮಾಡುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಬಳಲಿ ಕುಳಿತು ಕಳೆದದ್ದು ಇನ್ನೊಂದು ಗಂಟೆ.

ಹೀಗೆ ತಡವಾಗಿ ನೊರೂಜ್ ಸೇರಿದೆವು. ನೋಡುವುದಕ್ಕೆ ಅದೊಂದು ದೊಡ್ಡ ಕಣಿವೆಯೂ ಅಲ್ಲ, ಬೆಟ್ಟವೂ ಅಲ್ಲ. ಉತ್ತರಕ್ಕೆ ‘ಕಪ್ಪು ಬೆಟ್ಟ’ವೆಂಬ ಸಾಲು, ದಕ್ಷಿಣಕ್ಕೆ ಬಹುದೂರದಲ್ಲಿ ಪಿರನೀಸ್ ಪರ್ವತಗಳು; ಇವೆರಡರ ನಡುವೆ ನೆಲ ತಗ್ಗಾಗಿರುವ ಬಾಗಿಲು ಇದು. ಇಲ್ಲಿಂದ ಪಶ್ಚಿಮಕ್ಕೆ ಬಿದ್ದ ಮಳೆ ಅಟ್ಲಾಂಟಿಕ್‌ಗೆ, ಪೂರ್ವಕ್ಕೆ ಬಿದ್ದದ್ದು ಮೆಡಿಟರೇನಿಯನ್‌ಗೆ. ತಗ್ಗಾದ ದಾರಿ ಇದೊಂದೇ ಆದುದರಿಂದ ಕಾಲುವೆ ಇಲ್ಲೇ ಹಾದಿದೆ, ರೈಲುದಾರಿ ಇಲ್ಲೇ ಹಾದಿದೆ, ಹೆದ್ದಾರಿ ಇಲ್ಲೇ ಹಾದಿದೆ. ಗಾಳಿಯೂ ಇಲ್ಲೇ ಹಾಯುತ್ತದೆ. ಅಗಲವಾದ ಜಾಗದಿಂದ ಬಂದ ಗಾಳಿ ಇಕ್ಕಟ್ಟಿನಲ್ಲಿ ನುಗ್ಗಬೇಕಾದಾಗ ವೇಗ ಹೆಚ್ಚಲೇಬೇಕು. ಹೊಳೆಯ ನೀರು ಸೇತುವೆಯ ಕಣ್ಣುಗಳಲ್ಲಿ ರಭಸವಾಗುವಂತೆ. ರಿಕೆ ಕಾಲುವೆಗೆ ಆರಿಸಿದ ಸ್ಥಳ ಸೈಕಲ್ಲು ಸವಾರರಿಗೆ ಎಷ್ಟು ಕೆಟ್ಟದ್ದೆಂಬುದು ನಮಗೆ ಆಗ ಅರ್ಥವಾಯಿತು.

ಪಿಯೆರ್ ಪೋಲ್ ರಿಕೆ ಎಂಜಿನಿಯರನಲ್ಲ. ಉಪ್ಪಿನ ತೆರಿಗೆಯನ್ನು ವಸೂಲುಮಾಡುವ ಗುತ್ತಿಗೆದಾರ. 1662ರಲ್ಲಿ ಮಂತ್ರಿ ಕೊಲ್ಬೆರನಿಗೆ ತನ್ನ ಯೋಜನೆಯನ್ನು ಬರೆದು ಕಳುಹಿಸಿದಾಗ ಅವನಿಗೆ ಐವತ್ತು ದಾಟಿತ್ತು. ಎರಡು ಕಡಲುಗಳನ್ನು ಕೂಡಿಸುವ ಆಸೆ ಅವನಿಗಿಂತ ಮೊದಲೂ ಹಲವರಿಗೆ ಇತ್ತು. ಅವರೆಲ್ಲ ಎಡವಿದ್ದು ಒಂದೇ ಕಲ್ಲಿಗೆ. ಏರಿ ಇಳಿಯುವ ಕಾಲುವೆಯಲ್ಲಿ ನೆತ್ತಿಯ ನೀರು ಎರಡು ಕಡೆಗೂ ಖರ್ಚಾಗುತ್ತದೆ. ತುಲೂಸ್ ಕಡೆಯಿಂದ ಒಂದು ದೋಣಿ ಏರಿದರೆ ಒಂದು ಕೊಳದಷ್ಟು, ಅದು ಆಚೆ ಇಳಿದರೆ ಇನ್ನೊಂದು ಕೊಳದಷ್ಟು. ನಡುವೆ ಎಷ್ಟು ಲಾಕುಗಳಿದ್ದರೂ ಖರ್ಚು ಇಷ್ಟೇ; ಒಂದು ಲಾಕು ಬಿಟ್ಟ ನೀರನ್ನು ಅದರ ಕೆಳಗಿನದು ಬಳಸಿಕೊಳ್ಳುತ್ತದೆ. ಆದರೆ ನೆತ್ತಿಗೆ ಮಾತ್ರ ಕೊಡುವವರು ಯಾರೂ ಇಲ್ಲ. ನೆತ್ತಿ ಒಣಗಿತೋ, ಕಾಲುವೆ ಸತ್ತಂತೆ.

ನೊರೂಜ್ ಬಳಿ ಒಂದು ಊಟೆಯ ನೀರು ಎರಡಾಗಿ ಕವಲೊಡೆದು ಎರಡು ಕಡೆಗೂ ಹರಿಯುವುದನ್ನು ರಿಕೆ ಗಮನಿಸಿದನೆಂದು ಹೇಳುತ್ತಾರೆ. ಹಾಗಾದರೆ ನೀರನ್ನು ಇಲ್ಲಿಗೆ ತಂದರೆ ಸಾಕು. ಕಪ್ಪು ಬೆಟ್ಟದಲ್ಲಿ ಮಳೆ ಸಮೃದ್ಧಿ. ಅಲ್ಲಿನ ಹಳ್ಳಗಳು ನೊರೂಜ್‌ಗಿಂತ ಎತ್ತರದಲ್ಲಿವೆ. ಅವುಗಳ ನೀರನ್ನು ಬೆಟ್ಟದ ಮೈಗುಂಟ ತೋಡಿದ ಸಣ್ಣ ಕಾಲುವೆಗಳಲ್ಲಿ ಹಿಡಿದು ತರಬೇಕೆಂಬುದು ಅವನ ಯೋಜನೆ. ಪರಿಶೀಲಿಸಲು ಬಂದ ಅಧಿಕಾರಿಗಳು ಸುಮ್ಮನೆ ನಂಬಲಿಲ್ಲ. ನಂಬದೆ ಇದ್ದದ್ದು ಒಳ್ಳೆಯದೇ ಆಯಿತು. 1665ರಲ್ಲಿ ಒಂದು ಕಿರಿದಾದ ಪರೀಕ್ಷಾ ಕಾಲುವೆಯನ್ನು ತೋಡಿದರು. ಬೆಟ್ಟದ ನೀರು ನೊರೂಜ್‌ಗೆ ಬಂದಿತು. ಇಷ್ಟು ದೊಡ್ಡ ಪ್ರಯೋಗ ಆ ಶತಮಾನದ ಯಾವ ಪ್ರಯೋಗಶಾಲೆಯಲ್ಲಿಯೂ ನಡೆದಿರಲಾರದೆಂದು ನಮ್ಮ ಅಭಿಪ್ರಾಯ. ಅಲ್ಲಿ ಒಂದು ಅಡಿಯಷ್ಟು ಮಟ್ಟದ ತಪ್ಪಾಗಿದ್ದರೂ ನೀರು ಬೇರೆಲ್ಲಿಗೋ ಹೋಗುತ್ತಿತ್ತು. ಅವನ ಹಣವೂ ಮಾನವೂ ಅದರೊಡನೆ.

ಬೇಸಗೆಗೂ ನೀರಿರಬೇಕಲ್ಲ! ಅದಕ್ಕಾಗಿ ಸಾಂ ಫೆರೆಯೋಲ್ ಎಂಬಲ್ಲಿ 1667ರಿಂದ 1672ರವರೆಗೆ ಒಂದು ಕಟ್ಟೆಯನ್ನು ಕಟ್ಟಿದರು. ಕಲ್ಲಿನ ಗೋಡೆಗಳ ನಡುವೆ ಮಣ್ಣನ್ನು ತುಂಬಿದ ಆ ಕಟ್ಟೆ ಇಂದಿಗೂ ಸುಮಾರು 63 ಲಕ್ಷ ಘನಮೀಟರು ನೀರನ್ನು ಹಿಡಿಯುತ್ತದೆ. ಬಯಲಿನ ಮೇಲೆ ಅದನ್ನು ನೊರೂಜ್‌ಗೆ ತರುವ ಕಾಲುವೆಯ ಉದ್ದ ಸುಮಾರು 38 ಕಿಲೋಮೀಟರು. ಒಂದು ದೋಣಿ ಎರಡು ಕಡೆಯ ಲಾಕುಗಳಿಗೆ 1,200 ಘನಮೀಟರು ಖರ್ಚುಮಾಡುವುದಾದರೆ, ತುಂಬಿದ ಕಟ್ಟೆ ಐದು ಸಾವಿರಕ್ಕೂ ಹೆಚ್ಚು ದೋಣಿಗಳನ್ನು ದಾಟಿಸಬಲ್ಲದು. ಇಂಗುವ, ಆವಿಯಾಗುವ ನೀರನ್ನು ಇಲ್ಲಿ ಬಿಟ್ಟಿದ್ದೇವೆ, ಅದೇನೂ ಅಲ್ಪವಲ್ಲ. ಲಾಕಿನಲ್ಲಿ ದೋಣಿಯನ್ನು ಎತ್ತಿದವರು ಯಾರೆಂಬ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯುತ್ತದೆ. ಕಡಲಿನ ನೀರನ್ನು ಬೆಟ್ಟದ ನೆತ್ತಿಗೆ ಒಯ್ದದ್ದು ಬಿಸಿಲು. ರಿಕೆ ಅದನ್ನು ನಡುದಾರಿಯಲ್ಲಿ ತಡೆದು ದುಡಿಸಿಕೊಂಡನು.

ಕೆಲಸ ಭರದಿಂದ ನಡೆಯುವಾಗ ಸುಮಾರು 12,000 ಜನ ದುಡಿದರು. ಅವರಲ್ಲಿ ಹೆಂಗಸರೂ ಬಹುಸಂಖ್ಯೆಯಲ್ಲಿದ್ದರು. ದೊರೆಯ ಬೊಕ್ಕಸದಿಂದ ಹಣ ಸಾಲದೆ ರಿಕೆ ತನ್ನ ಆಸ್ತಿಯನ್ನು ಸುರಿದನು, ಸಾಲ ಮಾಡಿದನು. 1680ರ ಅಕ್ಟೋಬರಿನಲ್ಲಿ ತೀರಿಕೊಂಡನು. ಮೊದಲ ದೋಣಿಗಳು ಸಾಗಿದ್ದು ಮರುವರ್ಷದ ಮೇ ತಿಂಗಳಿನಲ್ಲಿ. ನೊರೂಜ್‌ನಲ್ಲಿ ಅವನು ಕಟ್ಟಿಸಿದ ಎಂಟು ಮೂಲೆಗಳ ದೊಡ್ಡ ಕೊಳ ಹೂಳು ತುಂಬಿ ಮುಚ್ಚಿಹೋಯಿತು. ಈಗ ಅಲ್ಲಿ ಮರಗಳಿವೆ. ಹತ್ತಿರದಲ್ಲಿ 1827ರಲ್ಲಿ ಅವನ ವಂಶಸ್ಥರು ನಿಲ್ಲಿಸಿದ ಕಲ್ಲಿನ ಕಂಬವಿದೆ. ಅದರ ಬುಡದಲ್ಲಿ ಗಾಳಿಗೆ ಮರೆಯಾಗಿ ಕುಳಿತು ಬುತ್ತಿಯನ್ನು ಬಿಚ್ಚಿದೆವು.

ನೆತ್ತಿಯ ಕಾಲುವೆ ಐದು ಕಿಲೋಮೀಟರು ಮಟ್ಟವಾಗಿ ಸಾಗುತ್ತದೆ. ಅದರ ಒಂದು ತುದಿಯ ಲಾಕಿಗೆ ‘ಸಾಗರ’ವೆಂದೂ ಇನ್ನೊಂದರದಕ್ಕೆ ‘ಮೆಡಿಟರೇನಿಯನ್’ ಎಂದೂ ಹೆಸರು. ಎರಡನೆಯದನ್ನು ದಾಟಿದ ಮೇಲೆ ಇಳಿಜಾರು, ಇನ್ನು ಸುಖವೆಂದುಕೊಂಡಿದ್ದೆವು. ಏರು ನಮ್ಮನ್ನು ಎಷ್ಟು ಕಾಡಲಿಲ್ಲವೋ ಇಳಿವೂ ಅಷ್ಟೇ ಕಡಿಮೆ ಉಪಕಾರ ಮಾಡಿತು. ಟಾರೂ ಮುಗಿದು ಕಲ್ಲುಮಣ್ಣಿನ ದಾರಿ ಬಂದಿತು. ಅಲ್ಲಲ್ಲಿ ಪ್ಲೇನ್ ಮರಗಳ ಬೇರುಗಳು ದಾರಿಯನ್ನು ಎತ್ತಿದ್ದುವು. ಮರಗಳಿದ್ದ ಕಡೆ ಗಾಳಿ ಸೌಮ್ಯ. ಮರಗಳಿಲ್ಲದ ಕಡೆ ಪೂರ್ತಿ ರಭಸ.

ಮರಗಳಿಲ್ಲದ ಕಡೆ ಬರಿಯ ಬುಡಗಳನ್ನು ಕಂಡೆವು. ಕಾಲುವೆಯ ಉದ್ದಕ್ಕೂ ಇಂಥ ಮರಗಳು ಸುಮಾರು 42,000 ಇದ್ದುವು. ಹೆಚ್ಚಿನವನ್ನು ನೆಟ್ಟದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅವುಗಳ ಬೇರುಗಳು ದಂಡೆಯ ಮಣ್ಣನ್ನು ಹಿಡಿದಿಡುತ್ತವೆ, ನೆರಳು ನೀರು ಆವಿಯಾಗುವುದನ್ನು ತಗ್ಗಿಸುತ್ತದೆ. 2006ರಲ್ಲಿ ಈ ಮರಗಳಿಗೆ ಒಂದು ಶಿಲೀಂಧ್ರದ ರೋಗ ತಗಲಿರುವುದು ಕಂಡುಬಂದಿತು. ಅದು ಮರದ ನೀರು ಸಾಗುವ ನಾಳಗಳನ್ನು ಕೆಡಿಸಿ ಕೆಲವೇ ವರ್ಷಗಳಲ್ಲಿ ಮರವನ್ನು ಕೊಲ್ಲುತ್ತದೆ; ಬೇರಿನಿಂದ ಬೇರಿಗೂ, ದೋಣಿಗಳು ಉಜ್ಜಿದ ಗಾಯಗಳ ಮೂಲಕವೂ ಹರಡುತ್ತದೆ. ಸಾವಿರಾರು ಮರಗಳನ್ನು ಕಡಿದು ಸುಟ್ಟು, ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಸಸಿಗಳು ನಮ್ಮ ಸೊಂಟಕ್ಕಿಂತ ತುಸು ಎತ್ತರವಿದ್ದುವು. ಅವು ಗಾಳಿಯನ್ನು ತಡೆಯುವ ಹೊತ್ತಿಗೆ ಇಂದು ಈ ದಾರಿಯಲ್ಲಿ ಹೋಗುವ ಯಾರೂ ಸೈಕಲ್ಲು ತುಳಿಯುತ್ತಿರಲಾರರು.

ಐದು ಗಂಟೆ ದಾಟಿದ ಮೇಲೆ ಕಾಸ್ತೆಲ್ನೊದರಿ ಕಾಣಿಸಿತು. ಕಾಲುವೆ ಇಲ್ಲಿ ಒಮ್ಮೆಲೇ ಅಗಲವಾಗಿ ಏಳು ಹೆಕ್ಟೇರುಗಳ ದೊಡ್ಡ ಕೊಳವಾಗುತ್ತದೆ. ಊರು ಅದರ ದಡದ ಮೇಲೆ ಮೆಲ್ಲನೆ ಏರಿ ನಿಂತಿದೆ; ಮನೆಗಳ ನೆರಳು ನೀರಿನಲ್ಲಿ ಬೀಳಬೇಕಾಗಿತ್ತು, ಗಾಳಿಯಿಂದಾಗಿ ಅಲೆಗಳು ಮಾತ್ರ ಕಂಡುವು. ಒಂದು ಕಾಲದಲ್ಲಿ ಇಲ್ಲಿ ಧಾನ್ಯದ ದೋಣಿಗಳು ಕಿಕ್ಕಿರಿದಿರುತ್ತಿದ್ದುವು. ಹತ್ತೊಂಬತ್ತನೆಯ ಶತಮಾನದ ನಡುವೆ ರೈಲು ಬಂದು ವ್ಯಾಪಾರವನ್ನು ಕಸಿದುಕೊಂಡಿತು. ಈಗ ಇರುವುದೆಲ್ಲ ವಿಹಾರದ ದೋಣಿಗಳು.

ಇಷ್ಟು ದೊಡ್ಡ ಕೊಳ ಅಲಂಕಾರಕ್ಕಲ್ಲ. ಇದರ ಕೆಳತುದಿಯಲ್ಲಿ ಸಾಂ ರೋಕ್ ಎಂಬಲ್ಲಿ ನಾಲ್ಕು ಲಾಕುಗಳು ಒಂದಕ್ಕೊಂದು ಅಂಟಿಕೊಂಡಿವೆ; ಒಂದರ ಕೆಳಬಾಗಿಲೇ ಮುಂದಿನದರ ಮೇಲ್ಬಾಗಿಲು. ಒಟ್ಟು ಇಳಿತ ಒಂಬತ್ತು ಮೀಟರಿಗೂ ಹೆಚ್ಚು. ಸಾಮಾನ್ಯವಾಗಿ ಎರಡು ಲಾಕುಗಳ ನಡುವಣ ಕಾಲುವೆಯೇ ನೀರಿನ ಉಗ್ರಾಣದಂತೆ ಇರುತ್ತದೆ. ಇಲ್ಲಿ ನಡುವೆ ಕಾಲುವೆಯೇ ಇಲ್ಲ. ಒಂದರ ಮೇಲೊಂದರಂತೆ ದೋಣಿಗಳು ಬಂದರೆ ಬೇಕಾಗುವ ನೀರನ್ನು ಒಮ್ಮೆಲೇ ಮೇಲಿನಿಂದಲೇ ಕೊಡಬೇಕು. ಚಿಕ್ಕ ಕಾಲುವೆಯಾಗಿದ್ದರೆ ಅದರ ಮಟ್ಟ ಇಳಿದು ದೋಣಿಗಳು ಕೆಸರಿನಲ್ಲಿ ಕೂತುಬಿಡುತ್ತಿದ್ದುವು. ಏಳು ಹೆಕ್ಟೇರಿನ ಕೊಳದಿಂದ 600 ಘನಮೀಟರು ತೆಗೆದರೆ ಮಟ್ಟ ಇಳಿಯುವುದು ಒಂದು ಸೆಂಟಿಮೀಟರಿಗಿಂತಲೂ ಕಡಿಮೆ. ಈ ಭಾಗಾಕಾರವನ್ನು ನಮ್ಮ ಮಿತ್ರರು ಲಾಕಿನ ಕಟ್ಟೆಯ ಮೇಲೆ ಕುಳಿತು ಬಾಯಲ್ಲೇ ಮಾಡಿ ಮುಗಿಸಿದರು. ಬೆಳಗಿನ ಲೆಕ್ಕದ ಅವಮಾನ ಅಷ್ಟಕ್ಕೆ ಕಳೆಯಿತೆಂದು ಅವರಿಗೆ ತೋರಿರಬೇಕು.

ಲಾಕುಗಳ ಕೆಲಸ ಸಂಜೆಗೆ ನಿಲ್ಲುತ್ತದೆ. ನಾವು ಬಂದಾಗ ಆ ದಿನದ ಕೊನೆಯ ದೋಣಿ ಕೆಳಗಿನಿಂದ ಏರುತ್ತಿತ್ತು. ಹತ್ತು ನಿಮಿಷ ತಡವಾಗಿದ್ದರೆ ಅದೂ ತಪ್ಪುತ್ತಿತ್ತು. ಅದರಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ, ಒಂದು ನಾಯಿ. ನಾಲ್ಕು ಸಲ ಬಾಗಿಲುಗಳು ಮುಚ್ಚಿದುವು, ನಾಲ್ಕು ಸಲ ನೀರು ಮೊರೆಯಿತು, ನಾಲ್ಕು ಸಲ ದೋಣಿ ಏರಿತು. ಮುದುಕ ಹಗ್ಗವನ್ನು ಸಡಿಲಿಸುತ್ತ ಬಿಗಿಮಾಡುತ್ತ ನಿಂತಿದ್ದನೇ ಹೊರತು ಒಂದು ಹನಿ ಬೆವರಲಿಲ್ಲ. ನಮ್ಮ ಅಂಗಿಗಳು ಇನ್ನೂ ಒದ್ದೆಯಾಗಿದ್ದುವು.

ಆ ಊರು ಕಾಸೂಲೆ ಎಂಬ ಅಡಿಗೆಗೆ ಹೆಸರುವಾಸಿ. ಬಿಳಿಯ ಹುರುಳಿಕಾಯಿಯ ಬೀಜಗಳನ್ನು ಮಾಂಸದೊಡನೆ ಮಣ್ಣಿನ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಪಾತ್ರೆಯ ಹೆಸರಿನಿಂದಲೇ ಅಡಿಗೆಗೆ ಹೆಸರು. ಮಾಂಸ ನಮಗೆ ಸಲ್ಲದಾದ ಕಾರಣ ಬ್ರೆಡ್ಡು, ಗಿಣ್ಣು, ಹಣ್ಣುಗಳಲ್ಲಿ ತೃಪ್ತರಾದೆವು. ಎಷ್ಟು ತಿನ್ನಬಹುದೆಂಬುದಕ್ಕೂ ಲೆಕ್ಕವಿತ್ತು. ಮೊದಲ 25 ಕಿಲೋಮೀಟರಿಗೆ 12.5 ನ್ಯೂಟನ್, ಉಳಿದ 40ಕ್ಕೆ 35 ನ್ಯೂಟನ್. ಒಟ್ಟು ಕೆಲಸ ಸುಮಾರು 17 ಲಕ್ಷ ಜೂಲ್. ಸ್ನಾಯುಗಳು ಆಹಾರದ ಶಕ್ತಿಯಲ್ಲಿ ನಾಲ್ಕರಲ್ಲೊಂದು ಪಾಲನ್ನು ಮಾತ್ರ ಕೆಲಸವಾಗಿ ಕೊಡುತ್ತವೆ, ಉಳಿದದ್ದು ಶಾಖ. ಆದುದರಿಂದ 68 ಲಕ್ಷ ಜೂಲ್, ಎಂದರೆ 1,600 ಕಿಲೋಕ್ಯಾಲೊರಿ. ಯಾವ ಸಂಕೋಚವೂ ಇಲ್ಲದೆ ಎರಡನೆಯ ಸಲ ಬಡಿಸಿಕೊಂಡೆವು.

ಸಂಜೆಯ ರೈಲಿನಲ್ಲಿ ಸೈಕಲ್ಲುಗಳನ್ನು ಡಬ್ಬಿಯ ಮೂಲೆಯಲ್ಲಿ ಒರಗಿಸಿ ಕುಳಿತೆವು. ತುಲೂಸ್‌ಗೆ ಒಂದು ಗಂಟೆಯೂ ಹಿಡಿಯಲಿಲ್ಲ. ದಾರಿಯಲ್ಲಿ ನಮ್ಮ ಮಿತ್ರರು ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಲೆಕ್ಕವನ್ನು ಹಾಕಿ ತೋರಿಸಿದರು: ಇದೇ ಗಾಳಿ ಬೆನ್ನಿಗಿದ್ದರೆ, ಬೆಳಗಿನ 62 ವಾಟ್ ಸಾಮರ್ಥ್ಯದಿಂದಲೇ ಗಂಟೆಗೆ 33 ಕಿಲೋಮೀಟರು. ಅದೇ ಸಾಮರ್ಥ್ಯದಿಂದ ಎದುರಿಗೆ ಹೋದರೆ ಏಳೂವರೆ. ಹೋಗುವಾಗಿನ ನಷ್ಟ ಬರುವಾಗ ತುಂಬಿಬರುವುದಿಲ್ಲ. 40 ಕಿಲೋಮೀಟರು ಹೋಗಿ ಬರುವುದಕ್ಕೆ ಗಾಳಿಯಿಲ್ಲದ ದಿನ ನಾಲ್ಕೂವರೆ ಗಂಟೆ ಸಾಕು, ಗಾಳಿಯ ದಿನ ಆರೂವರೆ ಬೇಕು. ಏಕೆಂಬುದನ್ನು ಓದುಗರು ಯೋಚಿಸಲಿ. ನಾವು ಕಿಟಕಿಯ ಹೊರಗೆ ನೋಡಿದೆವು. ಸಾಲುಮರಗಳು ಬಾಗಿದ್ದುವು, ಗಾಳಿ ನಾವು ಹೋಗುತ್ತಿದ್ದ ಕಡೆಗೇ ಬೀಸುತ್ತಿತ್ತು.